ತೋರಿಸಿದ ಎಲೆ

ಊಟದ ಬೆಲ್ಲು ಹೊಡೆದ ಮೇಲೆ ಗೋಡೌನಿನ ಹಿಂದೆ, ತಗಡು ಇಳಿಬಿಟ್ಟ ನೆರಳಿನಲ್ಲಿ ನಾವು ನಾಲ್ಕು ಜನ ಕೂರುತ್ತಿದ್ದೆವು. ಗೋಡೆಗೆ ಬೆನ್ನು ಕೊಟ್ಟು ನಮ್ಮ ಫಿಟ್ಟರಣ್ಣ, ಮಷೀನುಗಳ ರಿಪೇರಿ ನೋಡುವವರು. ಅವರ ಎದುರಿಗೆ ಕಬ್ಬಾಳಿನ ಸಿದ್ದರಾಜು, ಡೈ ಪಂಚಿಂಗ್ ಮಷೀನಿನ ಆಪರೇಟರು. ಅವನ ಪಕ್ಕದಲ್ಲಿ ರಾಮನಗರದ ಮುನೀರ್, ಲೋಡಿಂಗಿನವನು. ಮನೆಯಲ್ಲಿ ಅಪ್ಪ ಅಣ್ಣಂದಿರು ರೇಷ್ಮೆ ನೂಲು ತೆಗೆಯುವವರು, ಗೂಡು ಬೇಯುವ ವಾಸನೆ ಇವನಿಗೆ ಆಗದೆ ಫ್ಯಾಕ್ಟರಿ ಹಿಡಿದವನು. ನಾಲ್ಕನೆಯವಳು ನಾನು, ಪ್ಯಾಕಿಂಗ್ ಟೇಬಲ್ಲಿನವಳು, ಕನಕಪುರದಿಂದ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದವಳು.

ಹಾರೋಹಳ್ಳಿಯ ಆಚೆ ರಾಗಿ ಹೊಲಗಳನ್ನೆಲ್ಲ ಅಳೆದು ಕಲ್ಲು ನೆಟ್ಟು, ಒಂದೊಂದಾಗಿ ಶೆಡ್ಡುಗಳು ಏಳುತ್ತಿದ್ದ ಕಾಲ ಅದು. ನಮ್ಮದು ಪ್ರಿಂಟಿಂಗ್ ಮತ್ತು ಪ್ಯಾಕಿಂಗ್ ಶೆಡ್ಡು. ಸೋಪಿನ ಡಬ್ಬಿ, ಔಷಧಿ ಡಬ್ಬಿಗಳ ಜೊತೆಗೆ ಮಕ್ಕಳು ಕೊಂಡು, ತಮ್ಮತಮ್ಮಲ್ಲೇ ಬದಲಾಯಿಸಿಕೊಂಡು ಆಡುವ ಬಣ್ಣದ ಕಾರ್ಡುಗಳೂ ಅಲ್ಲೇ ತಯಾರಾಗುತ್ತಿದ್ದವು. ಹುಲಿ, ಆನೆ, ಕೋಟೆ, ಮಾಯಗಾರ, ಹೀಗೆ ಒಂದೊಂದರ ಮೇಲೆ ಒಂದೊಂದು ಚಿತ್ರ, ಕೆಳಗೆ ಅದರ ಶಕ್ತಿ ಏನೆಂದು ಎರಡು ಸಾಲು ಇಂಗ್ಲಿಷು. ಮೂಲೆ ಹರಿದದ್ದು, ಬಣ್ಣ ಜಾರಿದ್ದು ರಿಜೆಕ್ಟಿಗೆ ಹೋಗುತ್ತಿತ್ತು. ರಿಜೆಕ್ಟಿನ ಗೋಣಿಯಿಂದ ನಾವು ಆಯ್ದುಕೊಳ್ಳುತ್ತಿದ್ದೆವು. ಇಸ್ಪೀಟಿನ ಅಭ್ಯಾಸದಲ್ಲಿ ಅವನ್ನು ‘ಎಲೆ’ ಎಂದೇ ಕರೆಯುತ್ತಿದ್ದೆವು. ನಾವೂ ಬದಲಾಯಿಸಿಕೊಳ್ಳುತ್ತಿದ್ದೆವು. ಒಂದು ಬಿರುಗಾಳಿ ಎಲೆಗೆ ಮುನೀರ್ ಎರಡು ಹುಲಿಯನ್ನೂ ಒಂದು ದಿನದ ಟೀಯನ್ನೂ ಕೊಟ್ಟಿದ್ದ.

ಫಿಟ್ಟರಣ್ಣನ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಯಾರಾದರೂ ಕರೆದದ್ದನ್ನು ನಾನು ಕೇಳಿದ್ದೂ ಕಡಿಮೆ. ಅಕ್ಕೂರಿನವರು. ವಾರವೆಲ್ಲ ಹಾರೋಹಳ್ಳಿಯಲ್ಲೇ ಬಾಡಿಗೆ ಕೋಣೆ, ಶನಿವಾರ ಸಂಜೆ ಊರಿಗೆ. ಅಲ್ಲಿ ಅವರ ಹೆಂಡತಿ ರೇಷ್ಮೆ ಹುಳು ಸಾಕುತ್ತಿದ್ದರು. ಸೋಮವಾರ ಬಂದಾಗ ಅವರ ಅಂಗಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಇರುತ್ತಿತ್ತು, ಮಂಗಳವಾರದ ಹೊತ್ತಿಗೆ ಗ್ರೀಸಿನ ವಾಸನೆ ಅದನ್ನು ನುಂಗಿಬಿಡುತ್ತಿತ್ತು. ಬೀಡಿ ಬಿಟ್ಟಿದ್ದರು, ಆದರೆ ಹಚ್ಚದ ಬೀಡಿಯೊಂದು ಕಿವಿಯ ಮೇಲೆ ಸದಾ ಇರುತ್ತಿತ್ತು. ಆಟಕ್ಕೆ ಕೂರುವ ಮೊದಲು ಹತ್ತಿ ವೇಸ್ಟಿನಿಂದ ಬೆರಳುಗಳನ್ನು ಒಂದೊಂದಾಗಿ, ಸಂದುಸಂದಿಗೂ ಒರೆಸಿಕೊಳ್ಳುತ್ತಿದ್ದರು. ನಮ್ಮಜ್ಜಿ ಹೊಸ ಮಡಕೆಯನ್ನು ಒರೆಸುತ್ತಿದ್ದ ಹಾಗೆ.

ಇಂಗ್ಲಿಷಿನ ನಿಯಮಗಳನ್ನು ನಮಗೆ ಬಿಡಿಸಿ ಹೇಳುತ್ತಿದ್ದವರು ಅವರೇ. ಐಟಿಐ ಓದುವಾಗ ಕಲಿತ ಇಂಗ್ಲಿಷು, ಎಡವುತ್ತಾ ಓದುತ್ತಿದ್ದರು, ತಪ್ಪೂ ಮಾಡುತ್ತಿದ್ದರು. ಆದರೆ ಜಗಳ ಬಂದರೆ ತೀರ್ಪು ಅವರದೇ. ತೀರ್ಪು ಕೊಡುವಾಗ ಕಿವಿಯ ಮೇಲಿನ ಬೀಡಿ ತೆಗೆದು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು.

“ಏನ್ ಬರ್ದೈತೋ ಅದು. ಏನ್ ಬರೀಬೇಕಾಗಿತ್ತೋ ಅದಲ್ಲ,” ಎಂಬುದು ಅವರ ಮಾತು. ಬಸ್ಸಿನಲ್ಲಿ ಕಂಡಕ್ಟರಿಗೂ ಇದನ್ನೇ ಹೇಳಿದ್ದಕ್ಕೆ ಅವನು ಒಮ್ಮೆ ಇವರನ್ನು ಅರ್ಧ ದಾರಿಯಲ್ಲಿ ಇಳಿಸಿಬಿಟ್ಟಿದ್ದನಂತೆ.

ಆ ಆಟದಲ್ಲಿ ಜಗಳವೆಲ್ಲ ‘ತೋರಿಸುವ’ ಎಲೆಗಳದು. ಕೆಲವು ಎಲೆಗಳನ್ನು ನೆಲಕ್ಕೆ ಇಳಿಸಿದರೆ ಮಾತ್ರ ಅವುಗಳ ಶಕ್ತಿ ಕೆಲಸ ಮಾಡುತ್ತದೆ. ಇನ್ನು ಕೆಲವನ್ನು ಇಳಿಸುವುದೇ ಬೇಡ, ಕೈಯಲ್ಲಿದ್ದ ಹಾಗೇ ಎದುರಾಳಿಗೆ ತೋರಿಸಿದರೆ ಸಾಕು, ಆಮೇಲೆ ಮತ್ತೆ ಕೈಗೇ ಸೇರಿಸಿಕೊಳ್ಳಬಹುದು. ಒಂದು ದಿನ ನನ್ನ ಕೈಯಿಂದ ಅಂಥ ಎಲೆಯೊಂದು ಜಾರಿ ನೆಲದ ಮೇಲೆ ಅಂಗಾತ ಬಿತ್ತು.

“ಅರೆ! ತೋರ್ಸ್‌ಬುಟ್ರು, ತೋರ್ಸ್‌ಬುಟ್ರು! ಈಗ ಅದ್ರ ಕೆಲ್ಸ ಆಗ್ಲೇಬೇಕು,” ಎಂದು ಮುನೀರ್ ಚಪ್ಪಾಳೆ ತಟ್ಟಿದ. ಆ ಹೊತ್ತಿನಲ್ಲಿ ಅದರ ಕೆಲಸವಾದರೆ ನನಗೇ ನಷ್ಟವಿತ್ತು.

“ಬಿದ್ದಿದ್ದು ಕಣೋ ಅದು,” ಎಂದೆ.

“ಬಿದ್ರೇನಕ್ಕ, ಎಲ್ರೂ ನೋಡುದ್ವಲ್ಲ!”

ಫಿಟ್ಟರಣ್ಣ ಬೀಡಿ ಬಾಯಿಗಿಟ್ಟರು. “ನೋಡಿದ್ದು ಬೇರೆ, ತೋರ್ಸಿದ್ದು ಬೇರೆ ಕಣ್ಲಾ. ತೋರ್ಸೋದು ಅಂದ್ರೆ ತೋರ್ಸೋನ ಮನ್ಸು ಇರ್ಬೇಕು. ಅದು ಕೈ ಜಾರ್ತು. ಎತ್ಕಳವ್ವ. ನಾವ್ಯಾರೂ ನೋಡಿಲ್ಲ.”

“ನಾನ್ ನೋಡ್ದೆ!” ಎಂದ ಸಿದ್ದರಾಜು.

“ನೋಡಿದ್ರೂ ನೋಡಿಲ್ಲ. ಅಷ್ಟು ಮರ್ಯಾದೆ ಬೇಡವೇನ್ಲಾ ಆಟಕ್ಕೆ?”

ಸಿದ್ದರಾಜುವಿನ ಪ್ರೀತಿಯ ಎಲೆ ‘ಕೋಟೆ ಬಾಗಿಲು’. ಅದು ನೆಲದ ಮೇಲೆ ಅಂಗಾತ ಇರುವವರೆಗೂ ಯಾರೂ ಹೊಸ ಎಲೆ ಇಳಿಸುವಂತಿಲ್ಲ. ಅದನ್ನು ಬಿಚ್ಚಿಟ್ಟು, ಎದೆಯ ಮೇಲೆ ಕೈಕಟ್ಟಿ, ನಮ್ಮೆಲ್ಲರ ಮುಖವನ್ನೂ ನೋಡಿ ನಗುತ್ತಿದ್ದ. ಈ ಬಾಗಿಲೆಲೆ ಆಟದಿಂದ ಮಷೀನಿಗೆ ಹೋದದ್ದು ಫಿಟ್ಟರಣ್ಣನಿಂದ. ಅದು ಹೇಗೆಂದು ಹೇಳಬೇಕು.

ಡೈ ಪಂಚಿಂಗ್ ಮಷೀನು ಅಂದರೆ ಕಬ್ಬಿಣದ ಎರಡು ದಪ್ಪ ಹಲಗೆ. ಹಾಳೆ ನಡುವೆ ಬಂದಾಗ ಅವು ಅಮುಕುತ್ತವೆ, ಎಲೆಗಳು ಕತ್ತರಿಸಿ ಬೀಳುತ್ತವೆ. ನಡುವೆ ಪೇಪರಿನ ಚೂರು ಸಿಕ್ಕಿಕೊಂಡರೆ ಆಪರೇಟರು ಹಿಂದಿನಿಂದ ಕುಕ್ಕುರುಗಾಲಲ್ಲಿ ಕೂತು ಕೈ ಹಾಕಿ ತೆಗೆಯಬೇಕು. ಗುಂಡಿ ಇರುವುದು ಮುಂದುಗಡೆ. ಮುಂದೆ ನಿಂತವನಿಗೆ ಹಿಂದೆ ಕೂತವನು ಕಾಣುವುದಿಲ್ಲ, ಮಷೀನು ಅಷ್ಟು ದೊಡ್ಡದು. ಶೆಡ್ಡಿನಲ್ಲಿ ಒಂದೇ ಮಷೀನು ಇದ್ದಾಗ ಫಿಟ್ಟರಣ್ಣ ಗುಂಡಿ ಒತ್ತುವ ಮೊದಲು “ಕೈ?” ಎಂದು ಕೂಗುತ್ತಿದ್ದರು. ಹಿಂದಿನಿಂದ “ಇಲ್ಲಣ್ಣ!” ಎಂದು ಬಂದರೆ ಮಾತ್ರ ಒತ್ತುತ್ತಿದ್ದರು. ಆಮೇಲೆ ಆರ್ಡರು ಜಾಸ್ತಿಯಾಯಿತು. ಪಕ್ಕದಲ್ಲೇ ಇನ್ನೆರಡು ಮಷೀನು ಬಂದವು, ಕರೆಂಟು ಹೋದಾಗ ಜನರೇಟರು ಬೇರೆ. ಕೂಗಿದರೆ ಕೂಗಿದವನಿಗೇ ಕೇಳದಂತಾಯಿತು. ಫಿಟ್ಟರಣ್ಣ ಆಫೀಸಿಗೆ ಹೋಗಿ ಗುಂಡಿಗೆ ಹಾಕುವ ಬೀಗ ಕೇಳಿದರು. ಬರುತ್ತೆ ಅಂದರು. ಮತ್ತೆ ಕೇಳಿದರು. ಬರುತ್ತೆ ಅಂದರು.

ಬೀಗ ಬರುವವರೆಗೆ ಇರಲಿ ಎಂದು ಅವರು ರಿಜೆಕ್ಟಿನಿಂದ ಇನ್ನೊಂದು ಬಾಗಿಲೆಲೆ ಆಯ್ದು ಗುಂಡಿಯ ಮೇಲಿನ ಪಟ್ಟಿಯಲ್ಲಿ ಇಟ್ಟರು. ಕೈ ಒಳಗೆ ಹಾಕುವವನು ಎಲೆಯನ್ನು ಅಂಗಾತ ಇಡಬೇಕು. ಕೈ ತೆಗೆದು ಎದ್ದು ಬಂದ ಮೇಲೆ ಬೋರಲು ಮಾಡಬೇಕು. ಅಂಗಾತ ಇದ್ದರೆ ಯಾರೂ ಗುಂಡಿ ಮುಟ್ಟುವಂತಿಲ್ಲ. ನಮಗೆಲ್ಲ ಆ ಎಲೆಯ ಅರ್ಥ ರಕ್ತಕ್ಕೆ ಇಳಿದಿತ್ತು. ಹೊಸಬರಿಗೆ ಹೇಳಿಕೊಡುವುದೂ ಸುಲಭ, ಆಟದ ನಿಯಮವೇ ತಾನೆ. ಎಷ್ಟೋ ತಿಂಗಳು ಅದು ಚೆನ್ನಾಗಿಯೇ ನಡೆಯಿತು.

ಆ ದಿನ ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಜನರೇಟರಿನ ಅಬ್ಬರ ಗೋಡೌನಿನ ಹಿಂದಕ್ಕೂ ಬರುತ್ತಿತ್ತು. ಸಿದ್ದರಾಜು ಬಾಗಿಲೆಲೆ ಬಿಚ್ಚಿಟ್ಟು ಕೈಕಟ್ಟಿ ಕೂತಿದ್ದ, ಇನ್ನೊಂದು ಸುತ್ತು ಕಳೆದರೆ ಗೆದ್ದಂತೆಯೇ. ಆಗ ಮುನೀರ್ ತನ್ನ ಕೈಯಿಂದ ಒಂದು ಎಲೆ ಎಳೆದು ಅವನ ಮೂಗಿನ ಹತ್ತಿರ ಹಿಡಿದ. ಬಿರುಗಾಳಿ. ಅದರ ಶಕ್ತಿ ಇಷ್ಟೇ: ಇದನ್ನು ತೋರಿಸಿದರೆ, ನೆಲದ ಮೇಲೆ ತೆರೆದಿರುವ ಯಾವುದಾದರೂ ಒಂದು ಎಲೆಯನ್ನು ಬೋರಲು ಮಾಡಬಹುದು.

“ಬೋರ್ಲು ಮಾಡ್ಲಾ ನಿನ್ ಬಾಗ್ಲ,” ಎಂದ ಮುನೀರ್.

“ಯಾವ್ ಲೆಕ್ಕದಾಗೆ? ಬಾಗ್ಲು ಮುಚ್ಚೈತೆ. ನೀನು ಎಲೆ ಇಳ್ಸಂಗಿಲ್ಲ.”

“ನಾನೆಲ್ಲಿ ಇಳ್ಸುದ್ನಪ್ಪ? ತೋರ್ಸುದ್ದೆ ಅಷ್ಟೆ. ನೋಡು, ಕೈಯಾಗೇ ಐತೆ.”

ಇಬ್ಬರೂ ಫಿಟ್ಟರಣ್ಣನ ಕಡೆ ತಿರುಗಿದರು. ಅವರು ಎರಡೂ ಎಲೆಗಳನ್ನು ಈಸಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತಾ ಓದಿದರು. ಬೀಡಿ ಬಾಯಿಗೆ ಹೋಯಿತು.

“ಬಾಗ್ಲು ಏನ್ ತಡೀತದೆ? ಇಳ್ಸೋದ್ನ. ತೋರ್ಸೋದ್ನ ತಡೀತದೆ ಅಂತ ಬರ್ದಿಲ್ಲ. ತೋರ್ಸಿದ್ದು ಇಳ್ಸಿದಂಗಲ್ಲ. ಬಾಗ್ಲು ಬೋರ್ಲಾಗ್ತದೆ.”

“ಅಣ್ಣೋ! ಅಂಗಾದ್ರೆ ಬಾಗ್ಲು ಯಾಕಿರ್ಬೇಕು?” ಸಿದ್ದರಾಜುವಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಬಾಗ್ಲು ಅಂದ್ಮೇಲೆ ಬಾಗ್ಲು. ಎಲ್ರೂ ನಿಲ್ಬೇಕು. ಯಾವನೋ ಬಂದು ಒಂದು ಎಲೆ ತೋರ್ಸಿ ತಿರುಗ್ಸಾಕ್‌ಬುಟ್ರೆ ಅದ್ಯಾವ ಸೀಮೆ ಬಾಗ್ಲು?”

“ಏನ್ ಬರ್ದೈತೋ ಅದು ಕಣಪ್ಪ,” ಎಂದರು ಫಿಟ್ಟರಣ್ಣ, ಎಲೆ ಹಿಂದಕ್ಕೆ ಕೊಡುತ್ತಾ. “ನನ್ ಕೇಳ್ಬೇಡ, ಬರ್ದೋನ್ನ ಕೇಳು.”

ಮುನೀರ್ ಬಾಗಿಲನ್ನು ಬೋರಲು ಮಾಡಿ, ಆಟ ಗೆದ್ದು, ಬಿರುಗಾಳಿಗೆ ಮುತ್ತು ಕೊಟ್ಟು ಜೇಬಿಗೆ ಹಾಕಿಕೊಂಡ. ಸಿದ್ದರಾಜು ಮುಖ ಊದಿಸಿಕೊಂಡು, ಬೆಲ್ಲು ಹೊಡೆಯುವ ಮೊದಲೇ ಎದ್ದು ಮಷೀನಿನ ಕಡೆ ಹೋದ. ಒಳಗೆ ಪೇಪರು ಸಿಕ್ಕಿಕೊಂಡಿತ್ತು, ಅದನ್ನಾದರೂ ತೆಗೆಯುತ್ತೇನೆ ಎಂದು. ಮುನೀರ್ ಅವನನ್ನು ಇನ್ನಷ್ಟು ರೇಗಿಸಲೆಂದು ಹಿಂದೆಯೇ ಓಡಿದ. ನಾನು ಡಬ್ಬಿ ತೊಳೆಯಲು ನಲ್ಲಿಗೆ ಹೋದೆ. ಫಿಟ್ಟರಣ್ಣ ಕೈ ಒರೆಸಿಕೊಳ್ಳುತ್ತಾ ನಿಧಾನಕ್ಕೆ ಒಳಗೆ ಹೋದರು. ಬೆಳಿಗ್ಗೆ ಮಷೀನಿನ ಕ್ಲಚ್ಚು ಬಿಗಿದಿದ್ದರು, ಒಂದು ಸಲ ಓಡಿಸಿ ನೋಡಬೇಕಿತ್ತು.

ಮುಂದಿನದನ್ನು ನೆಟ್ಟಗೆ ಹೇಳಿಬಿಡುತ್ತೇನೆ. ಸಿದ್ದರಾಜು ಬಾಗಿಲೆಲೆಯನ್ನು ಗುಂಡಿಯ ಮೇಲೆ ಅಂಗಾತ ಇಟ್ಟು, ಹಿಂದೆ ಹೋಗಿ ಕೂತು, ಬಲಗೈ ಒಳಗೆ ಹಾಕಿದ್ದ. ಮುನೀರ್ ತಮಾಷೆಗೆ ಆ ಎಲೆಯನ್ನು ಬೋರಲು ಮಾಡಿ ಪಕ್ಕದಲ್ಲಿ ಬಿರುಗಾಳಿ ಇಟ್ಟ. ಸಿದ್ದರಾಜು ಎದ್ದು ಬಂದು ನೋಡಿ ಬೈಯಲಿ, ನಗೋಣ ಎಂದು. ಅಷ್ಟರಲ್ಲಿ ಲಾರಿ ಬಂತೆಂದು ಗೇಟಿನಿಂದ ಕೂಗಿದರು, ಅವನು ಓಡಿದ. ಫಿಟ್ಟರಣ್ಣ ಬಂದರು. ಎಲೆ ಬೋರಲಿತ್ತು. ಬೋರಲಿದ್ದರೆ ಒಳಗೆ ಕೈ ಇಲ್ಲ. ಒತ್ತಿದರು.

ನಾನು ಒಳಗೆ ಕಾಲಿಡುತ್ತಿದ್ದೆ. ಜನರೇಟರಿನ ಸದ್ದಿನಲ್ಲಿ ಕೂಗು ಕೇಳಿಸಲಿಲ್ಲ. ಫಿಟ್ಟರಣ್ಣನ ಮುಖ ಕಾಣಿಸಿತು. ಮಷೀನಿನ ಏಟಿನಲ್ಲಿ ಏನೋ ವ್ಯತ್ಯಾಸ ಅವರ ಅಂಗೈಗೆ ಗೊತ್ತಾಗಿತ್ತು. ನಿಲ್ಲಿಸಿ, ಹಿಂದಕ್ಕೆ ಓಡಿ, ಹಲಗೆ ಬಿಡಿಸಿ, ಸಿದ್ದರಾಜುವನ್ನು ತೊಡೆಯ ಮೇಲೆ ಹಾಕಿಕೊಂಡು, ಆ ಕೈಗೆ ಹತ್ತಿ ವೇಸ್ಟು ಸುತ್ತುತ್ತಲೇ ಇದ್ದರು. ಅದು ಕೈಯೆಂದು ಕರೆಯುವಂತಿರಲಿಲ್ಲ. ವ್ಯಾನು ಬಂದು ಅವನನ್ನು ಎತ್ತಿಕೊಂಡು ಹೋದ ಮೇಲೆ ಫಿಟ್ಟರಣ್ಣ ಗುಂಡಿಯ ಹತ್ತಿರ ಬಂದು ನಿಂತರು. ಬಾಗಿಲೆಲೆಯ ಪಕ್ಕದಲ್ಲಿದ್ದ ಬಿರುಗಾಳಿಯನ್ನು ನೋಡಿದರು. ಎತ್ತಿಕೊಂಡು ಜೇಬಿಗೆ ಹಾಕಿಕೊಂಡರು. ನನ್ನನ್ನು ನೋಡಿದರು. ಅದು ಯಾರ ಎಲೆಯೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ತೊಡೆಯವರೆಗೂ ರಕ್ತದಲ್ಲಿ ನೆಂದ ಪ್ಯಾಂಟಿನಲ್ಲೇ ಅವರು ಮ್ಯಾನೇಜರ ಕೋಣೆಗೆ ಹೋದರು. ನನ್ನನ್ನೂ, ಮುನೀರನನ್ನೂ ಕರೆಸಿದ್ದರು. ಮುನೀರ್ ಗೋಡೆಗೆ ಅಂಟಿಕೊಂಡು ನಿಂತಿದ್ದ.

“ಆಪರೇಟರು ಮಷೀನ್ ಓಡ್ತಿರೋವಾಗ ಕೈ ಹಾಕ್ದ, ಅಲ್ವಾ?” ಎಂದರು ಮ್ಯಾನೇಜರು. ಹೌದೆಂದರೆ ಎಲ್ಲ ಸಿದ್ದರಾಜುವಿನ ತಲೆಗೆ ಹೋಗುತ್ತಿತ್ತು.

“ಇಲ್ಲ ಸಾರ್. ನಿಂತಿತ್ತು. ಒತ್ತಿದ್ದು ನಾನು.”

“ನೋಡ್ದೇನೇ ಒತ್ತಿದ್ರಾ?”

“ಎಲೆ ನೋಡ್ದೆ. ಬೋರ್ಲಿತ್ತು. ಅಂಗೆ ಇಡ್ಬೇಕು ಅಂತ ಕಲ್ಸಿದ್ದೂ ನಾನೆ.”

“ಯಾರು ತಿರುಗ್ಸಿದ್ದು?”

ಫಿಟ್ಟರಣ್ಣ ಮೇಲೆ ನೋಡಿದರು. “ಫ್ಯಾನ್ ಗಾಳಿ ಇರ್ಬೇಕು ಸಾರ್.”

ಬರೆದದ್ದನ್ನಲ್ಲದೆ ಬೇರೆ ಓದದ ಮನುಷ್ಯನ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ. ಮುನೀರ್‌ಗೆ ಆಗ ಮದುವೆ ಗೊತ್ತಾಗಿತ್ತು. ಅವರು ಅದನ್ನು ಯೋಚಿಸಿದರೋ, ಇಲ್ಲ ಯೋಚಿಸುವ ಮೊದಲೇ ಬಾಯಿಗೆ ಬಂತೋ, ನಾನು ಕೇಳಲಿಲ್ಲ. ಅವರನ್ನು ಕೆಲಸದಿಂದ ತೆಗೆದರು. ರಿಜೆಕ್ಟಿನ ಗೋಣಿಗಳನ್ನು ಸುಟ್ಟರು. ವಾರ ಕಳೆಯುವುದರೊಳಗೆ ಮೂರೂ ಮಷೀನಿಗೆ ಕೆಂಪು ಬಣ್ಣದ ಬೀಗ ಬಂದವು.

ಸಿದ್ದರಾಜುವಿನ ಕೈಯನ್ನು ಮೊಣಕೈ ಕೆಳಗೆ ತೆಗೆದರು. ಅವನು ಕಬ್ಬಾಳಿಗೆ ಹೋಗಿ ಗುಡಿಯ ದಾರಿಯಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟುಕೊಂಡ. ಒಂದು ಅಮಾವಾಸ್ಯೆ, ನಾನು ಕಬ್ಬಾಳಮ್ಮನ ಗುಡಿಗೆ ಹೋದವಳು ಅವನ ಅಂಗಡಿಗೆ ಹೋದೆ. ಅವನ ಹೆಂಡತಿ ಕಾಯಿ ಸುಲಿಯುತ್ತಿದ್ದಳು.

“ಅಣ್ಣ ಬರ್ತಾರಾ?” ಎಂದು ಸಿದ್ದರಾಜುವನ್ನು ಕೇಳಿದೆ.

“ಭಾನುವಾರಕ್ಕೊಂದು ಭಾನುವಾರ ಬತ್ತಾರೆ ಕಣಕ್ಕ. ಉಗುರು ತೆಗ್ಯಕ್ಕೆ.”

ನನಗೆ ಅರ್ಥವಾಗಲಿಲ್ಲ. ಸಿದ್ದರಾಜು ಎಡಗೈಯನ್ನು ನನ್ನ ಮುಂದೆ ಚಾಚಿದ. “ಒಂಟಿ ಕೈಯಾದ್ರೆ ಆ ಕೈ ಉಗುರು ತೆಗ್ಯಕ್ಕೆ ಯಾರೂ ಇರಕಿಲ್ಲ ನೋಡಕ್ಕ. ಇವ್ಳು ತೆಗೀತೀನಿ ಅಂದ್ಲು. ಅಣ್ಣ ಬುಡ್ನಿಲ್ಲ. ಅದು ನನ್ ಕೆಲ್ಸ ಅಂದ್ರು.”

ಉಗುರುಗಳು ಅಚ್ಚುಕಟ್ಟಾಗಿದ್ದವು, ಅಂಚನ್ನು ಅರದಿಂದ ಉಜ್ಜಿದ ಹಾಗೆ. ನಿಜವಾಗಿಯೂ ಅರದಿಂದಲೇ ಉಜ್ಜುತ್ತಿದ್ದರಂತೆ.

ಅಕ್ಕೂರಿಗೂ ನಾನೊಮ್ಮೆ ಹೋಗಿದ್ದೆ. ಫಿಟ್ಟರಣ್ಣ ಸೊಪ್ಪು ಕೊಚ್ಚುತ್ತಾ ಕೂತಿದ್ದರು. ಕತ್ತಲಾಯಿತು, ಅವರು ಕತ್ತಲಲ್ಲೇ ಕೊಚ್ಚುತ್ತಿದ್ದರು. ಸ್ವಿಚ್ಚು ಅವರ ತಲೆಯ ಪಕ್ಕದಲ್ಲೇ ಇತ್ತು. ಕೊನೆಗೆ ಕೊಟ್ಟಿಗೆಯಿಂದ ಅವರ ಹೆಂಡತಿ ಬಂದು ದೀಪ ಹಾಕಿದರು.

“ಅಲ್ಲಿಂದ ಬಂದ್ಮೇಲೆ ಒಂದು ಗುಂಡೀನೂ ಮುಟ್ಟಿಲ್ಲ ಕಣವ್ವ,” ಎಂದರು ಆಕೆ, ನನಗೆ ಕಾಫಿ ಕೊಡುತ್ತಾ. “ಫ್ಯಾನ್ ಹಾಕಕ್ಕೂ ನಾನೇ ಬರ್ಬೇಕು. ಬೆವರ್ಕಂಡು ಕೂತಿರ್ತಾರೆ.”

ಹೊರಡುವಾಗ ಅವರು ಬೇಲಿಯವರೆಗೆ ಬಂದರು. ಕಿವಿಯ ಮೇಲೆ ಬೀಡಿ ಇರಲಿಲ್ಲ.

“ಸಿದ್ದರಾಜು ಹೇಳಿದ್ದೇ ಸರಿ ಕಣವ್ವ,” ಎಂದರು. “ಬಾಗ್ಲು ಅಂದ್ಮೇಲೆ ಬಾಗ್ಲು. ತಡೆಯೋದು ಅಂತ ಒಂದಿದ್ರೆ ಮಿಕ್ಕಿದ್ದೆಲ್ಲ ಅದ್ರ ಮುಂದೆ ಸೋಲ್ಬೇಕು. ನಾನು ಒಸಿ ಜಾಸ್ತಿ ಓದ್‌ಬುಟ್ಟೆ.”

ಅವರು ತೀರಿಕೊಂಡು ಹೆಚ್ಚು ದಿನವಾಗಿಲ್ಲ. ಹುಳುವಿನ ಮನೆಯಲ್ಲಿ, ತಟ್ಟೆ ಎತ್ತಿಡುವಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಹನ್ನೊಂದನೇ ದಿನದ ತಿಥಿಗೆ ನಾವು ಮೂವರೂ ಹೋದೆವು. ಅಷ್ಟು ವರ್ಷಗಳಲ್ಲಿ ಮೂವರೂ ಒಟ್ಟಿಗೆ ಸೇರಿದ್ದು ಅದೇ ಮೊದಲು. ಮುನೀರನ ತಲೆ ಅರ್ಧ ನೆರೆತಿತ್ತು. ಊಟಕ್ಕೆ ಇನ್ನೂ ಹೊತ್ತಿತ್ತು, ಹಿತ್ತಿಲಿನ ಕಲ್ಲುಚಪ್ಪಡಿಯ ಮೇಲೆ ಕೂತೆವು. ನಾಲ್ಕನೆಯವರ ಜಾಗ ಬಿಟ್ಟುಕೊಂಡೇ ಕೂತಿದ್ದೆವೆಂದು ಆಮೇಲೆ ಗಮನಕ್ಕೆ ಬಂತು.

“ಸಿದ್ದ,” ಎಂದ ಮುನೀರ್. ನೆಲ ನೋಡುತ್ತಿದ್ದ. “ಅವತ್ತು ಎಲೆ ತಿರುಗ್ಸಿದ್ದು ಫ್ಯಾನ್ ಅಲ್ಲ ಕಣ್ಲಾ. ನಾನು.”

ಸಿದ್ದರಾಜು ಎಡಗೈಯಿಂದ ಮುಖದ ಮೇಲಿನ ನೊಣ ಓಡಿಸಿದ.

“ಗೊತ್ತು ಕಣ್ಲಾ.”

“ಅಣ್ಣ ಹೇಳುದ್ರಾ?”

“ಅಣ್ಣ ಯಾಕ್ ಹೇಳ್ಬೇಕು? ಬಿರುಗಾಳಿ ತೋರ್ಸಿದ್ದು ನಂಗೆ ತಾನೆ ನೀನು. ಮಷೀನ್ ಸಂದೀಲಿ ಬಗ್ಗಿ, ಹಲ್ಲು ಕಿಸ್ಕಂಡು. ಆಯ್ತು ಗೆದ್ದೆ, ಹೋಗ್ಲಾ ಅತ್ಲಾಗೆ ಅಂದೆ, ಸದ್ದಿನಾಗೆ ನಿಂಗೆ ಕೇಳ್ನಿಲ್ಲ. ಆವಾಗ್ಲೇ ಕೈ ತೆಗೀಬೇಕಿತ್ತು. ಇನ್ನೊಂದೇ ಚೂರು ಪೇಪರ್ ಐತೆ, ತೆಗ್ದ್‌ಬುಡಾವ ಅಂತ ಕೂತ್ಕಂಡೆ.”

ಮುನೀರ್ ತಲೆ ಎತ್ತಿದ.

“ಅಣ್ಣಂಗೆ ನಾನೇ ಹೇಳ್ದೆ,” ಎಂದ ಸಿದ್ದರಾಜು. “ಮೊದ್ಲು ಉಗುರು ತೆಗ್ಯಕ್ಕೆ ಬಂದ ದಿನಾನೇ. ನಂಗೂ ಗೊತ್ತು ಅಂದ್ರು. ಪೊಲೀಸ್ರಿಗೆ ಹೇಳಾವ ಅಣ್ಣ ಅಂದೆ. ಆಗ ನಂಗೆ ಅಷ್ಟು ಕಿಚ್ಚಿತ್ತು ಕಣ್ಲಾ ನಿನ್ ಮೇಲೆ. ಅಣ್ಣ ಉಗುರು ತೆಗೀತಾನೇ ಇದ್ರು. ಆಮೇಕೆ ಅಂದ್ರು, ಅವ್ನ ಕೈ ಜಾರಿ ಬಿದ್ದಿರೋ ಎಲೆ ಅದು. ಅವ್ನಾಗೇ ತೋರ್ಸೋಗಂಟ ನಾವು ನೋಡಿಲ್ಲ.”

ಒಳಗಿನಿಂದ ಊಟಕ್ಕೆ ಕರೆದರು. ಸಿದ್ದರಾಜುವಿನ ಉಗುರುಗಳು ಬೆಳೆದಿದ್ದವು, ತೆಂಗಿನ ನಾರಿನ ಕೊಳೆ ಅವುಗಳಲ್ಲಿ ಕಪ್ಪಗೆ ಕೂತಿತ್ತು. ಸಾವಿನ ಮನೆಯಲ್ಲಿ ಉಗುರು ತೆಗೆಯುವ ಮಾತಿಲ್ಲ.

ಅದರ ಮುಂದಿನ ಭಾನುವಾರ ಮುನೀರ್ ರಾಮನಗರದಿಂದ ಬಸ್ಸು ಬದಲಾಯಿಸಿಕೊಂಡು ಕಬ್ಬಾಳಿಗೆ ಹೋದ. ಅಂಗಡಿ ತೆರೆದಿತ್ತು. ಸಿದ್ದರಾಜು ಅವನನ್ನು ನೋಡಿ ಒಳಗೆದ್ದು ಹೋದ. ಮುನೀರ್ ಎದುರಿನ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತಿದ್ದು ವಾಪಸು ಬಂದ. ಅದರ ಮುಂದಿನ ಭಾನುವಾರವೂ ಹೋದ. ಆ ದಿನ ಸಿದ್ದರಾಜು ಹೊರಗೆ ಬಂದು, ಅವನ ಪಕ್ಕ ಕೂತು, ಉಗುರು ಬೆಳೆದ ಕೈ ಚಾಚಿದನಂತೆ.